ಭಾವನ 6 ಲಕ್ಷ ಮತ್ತು ನಮ್ಮ ಬ್ರಿಟನ್ ವೀಸಾ

ಅಡಿಕೆ ತೋಟದವರಿಗೆ ಬ್ರಿಟನ್ ವೀಸಾ ಸಿಗುವುದಿಲ್ಲ ಅಂತ ನನಗೆ ಕಡಿಮೆ ಎಂದರೂ ಹತ್ತು ಜನ ಹೇಳಿದ್ದಾರೆ. ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ ಇಲ್ಲ, ಬ್ಯಾಂಕಿನಲ್ಲಿ ಆರು ತಿಂಗಳು ಏನೂ ಇರುವುದಿಲ್ಲ, ಮತ್ತೆ ಒಂದೇ ಸಲ ಬಂದು ಬೀಳುತ್ತದೆ. ಮೊದಲ ಸಲ ರಿಜೆಕ್ಟ್ ಆದಾಗ ಆ ಹತ್ತೂ ಜನ ಮನೆಗೆ ಬಂದು ಚಾ ಕುಡಿದು "ನಾವು ಹೇಳಿದ್ದೆವಲ್ಲ" ಅಂದು ಹೋದರು. ಎರಡನೇ ಸಲ ಏಜೆಂಟ್ ಇಲ್ಲದೆ, ನಾನೇ ಕೂತು, ನನ್ನ ಮತ್ತು ಮನೆಯವಳ ಅರ್ಜಿ ಹಾಕಿದೆ. ಎರಡೂ ಪಾಸಾದವು. ಅದಕ್ಕೇ ಇದನ್ನು ಬರೆಯುವ ಉಮೇದು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಎರಡೂವರೆ ಎಕರೆ ಅಡಿಕೆ, ನಡುವೆ ಕಾಳುಮೆಣಸು, ಎರಡು ದನ. ಮಗಳು ಬ್ರಿಟನ್ನಿನ ಲೆಸ್ಟರ್‌ನಲ್ಲಿದ್ದಾಳೆ. 2024ರ ಜನವರಿಗೆ ಅವಳ ಹೆರಿಗೆ ಇತ್ತು. ಬಾಣಂತನಕ್ಕೆ ಹೋಗಲೇಬೇಕು ಅಂತ ಮನೆಯವಳ ಹಟ. ಹಾಗೆ 2023ರ ನವೆಂಬರಿನಲ್ಲಿ ಒಬ್ಬ ಏಜೆಂಟನ ಕೈಯಲ್ಲಿ ಅರ್ಜಿ ಹಾಕಿಸಿದೆವು. ಇಬ್ಬರಿಗೆ ಅವನ ಚಾರ್ಜು 15,000.

ಆ ಅರ್ಜಿ ಈಗ ತೆಗೆದು ನೋಡಿದರೆ ನಗು ಬರುತ್ತದೆ. ಆಗ ಬರಲಿಲ್ಲ.

ಏಜೆಂಟ್ ನನ್ನ ಕೆಲಸ 'ಬಿಸಿನೆಸ್' ಅಂತ ಬರೆದಿದ್ದ. ತಿಂಗಳ ಆದಾಯ 60,000 ಅಂತ ತುಂಬಿದ್ದ. ವರ್ಷದ ಲೆಕ್ಕವನ್ನು ಹನ್ನೆರಡರಿಂದ ಭಾಗಿಸಿದರೆ ಅಷ್ಟು ಬರಬಹುದು, ಆದರೆ ನಾವು ಕೊಟ್ಟ ಸ್ಟೇಟ್‌ಮೆಂಟ್ ಮೇಯಿಂದ ಅಕ್ಟೋಬರಿನದ್ದು. ಮಳೆಗಾಲದಲ್ಲಿ ನಮ್ಮ ಖಾತೆಯಲ್ಲಿ ಏನಿರುತ್ತದೆ ಅಂತ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಖರ್ಚೆಲ್ಲ ಮಗಳದ್ದು ಅಂತ ಒಂದು ಕಡೆ, ನಮ್ಮಲ್ಲೇ 6 ಲಕ್ಷ ಇದೆ ಅಂತ ಇನ್ನೊಂದು ಕಡೆ. ಇರುವುದು ಎಷ್ಟು ದಿನ ಎಂಬಲ್ಲಿ ಪೂರಾ ಆರು ತಿಂಗಳು. ಜನವರಿಯಿಂದ ಜೂನ್ ತನಕ ಕೃಷಿಕ ತೋಟ ಬಿಟ್ಟು ಹೋಗ್ತಾನಾ? ಅಡಿಕೆ ಕೊಯ್ಯುವುದು ಯಾರು, ನೀರು ಹಾಕುವುದು ಯಾರು, ಮದ್ದು ಬಿಡುವುದು ಯಾರು? ಓದಿದವರು ಯಾರಾದರೂ ಕೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಆ 6 ಲಕ್ಷ. ಅದು ಭಾವನದ್ದು, ಅಂದರೆ ಮನೆಯವಳ ತಮ್ಮನದ್ದು. "ಖಾತೆಯಲ್ಲಿ ದುಡ್ಡು ಕಾಣಬೇಕು ಭಾವ, ಒಂದು ತಿಂಗಳು ನಿಮ್ಮಲ್ಲಿ ಇರಲಿ" ಅಂತ ಅವನಾಗಿ ಹಾಕಿದ್ದು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅರ್ಜಿಗೆ ಹದಿನೈದು ದಿನ ಮೊದಲು ನನ್ನ ಬ್ಯಾಲೆನ್ಸ್ ನಲವತ್ತು ಚಿಲ್ಲರೆ ಸಾವಿರ. ಮರುದಿನ ಆರು ಲಕ್ಷ ನಲವತ್ತು. ಡಿಸೆಂಬರಿನಲ್ಲಿ ಪಾಸ್‌ಪೋರ್ಟಿನ ಜೊತೆ ಬಂದ ಪತ್ರದಲ್ಲಿ ಮೊದಲ ಕಾರಣ ಅದೇ. ಈ ಹಣ ಎಲ್ಲಿಂದ ಬಂತು ಗೊತ್ತಾಗುವುದಿಲ್ಲ, ಹೇಳಿದ ಆದಾಯ ಖಾತೆಯಲ್ಲಿ ಕಾಣುವುದಿಲ್ಲ, ಆದ್ದರಿಂದ ವಾಪಸ್ ಹೋಗುತ್ತಾರೆಂದು ನಂಬಿಕೆ ಬರುವುದಿಲ್ಲ. ವಿಸಿಟರ್ ವೀಸಾಕ್ಕೆ ಅಪೀಲು ಇಲ್ಲ. ಫೀಸು ವಾಪಸ್ ಇಲ್ಲ. ಬೇಕಾದರೆ ಹೊಸ ಅರ್ಜಿ ಹಾಕಬಹುದು, ಅಷ್ಟೇ.

ಆಗ ಫೀಸು ಒಬ್ಬರಿಗೆ 115 ಪೌಂಡು, ಅಂದರೆ ನಮ್ಮಲ್ಲಿ ಹನ್ನೆರಡು ಸಾವಿರದ ಮೇಲೆ. ಇಬ್ಬರದ್ದು, ಏಜೆಂಟನದ್ದು, ಡಮ್ಮಿ ಟಿಕೆಟ್ (ಅರ್ಜಿಗೆ ತೋರಿಸಲು ಮಾತ್ರ) ಅಂತ ಅವನು ತೆಗೆದುಕೊಂಡ 1,200, ಬೆರಳಚ್ಚು ಕೊಡಲು ಕೊಚ್ಚಿಗೆ ಹೋಗಿ ಬಂದದ್ದು, ಅಲ್ಲಿ ಸ್ಕ್ಯಾನ್ ಮಾಡಿಸಿದ್ದು, ಕೊರಿಯರು, ಎಲ್ಲ ಸೇರಿ 50,000ದ ಹತ್ತಿರ ಹೋಯಿತು. ದುಡ್ಡಿನ ಬೇಜಾರು ಹೇಗೂ ಮಾಯುತ್ತದೆ. ಮಗು ಹುಟ್ಟಿದ ದಿನ ಮನೆಯವಳು ಫೋನಿನಲ್ಲಿ ನೋಡುತ್ತಾ ಮಾತಾಡಲೇ ಇಲ್ಲ. ಅವತ್ತು ರಾತ್ರಿ ಆ ಪತ್ರವನ್ನು ಮಗಳ ಹತ್ತಿರ ಸಾಲು ಸಾಲಾಗಿ ಓದಿಸಿದೆ. ಓದಿ ಮುಗಿಸಿ ಅವಳೇ ಹೇಳಿದಳು, "ಅಪ್ಪ, ಇದರಲ್ಲಿ ನೀವು ಕೃಷಿಕ ಅಂತ ಎಲ್ಲೂ ಬೇಡ ಅಂದಿಲ್ಲ. ಲೆಕ್ಕ ಸಿಗ್ತಾ ಇಲ್ಲ ಅಂತ ಮಾತ್ರ ಹೇಳಿದ್ದಾರೆ."

ಅದು ತಲೆಗೆ ಹೋಯಿತು. ಇಡೀ ಒಂದು ವರ್ಷ ನಾನು ಮಾಡಿದ್ದು ಲೆಕ್ಕ ಸಿಗುವ ಹಾಗೆ ಬದುಕಿದ್ದು.

ಮೊದಲು ಭಾವನ ಹಣ ವಾಪಸ್ ಕೊಟ್ಟೆ. ಆ ವರ್ಷ ಒಣಗಿಸಿದ ಅಡಿಕೆಯಲ್ಲಿ ಆರು ಕ್ವಿಂಟಾಲಿನಷ್ಟು ಇಟ್ಟುಕೊಂಡೆ. ನಾನು ಯಾವತ್ತೂ ಪೇಟೆಯ ವ್ಯಾಪಾರಿಗೆ ಕೊಡುವವನು, ಅವನು ಮನೆಯಿಂದಲೇ ಒಯ್ಯುತ್ತಾನೆ, ಕಿಲೋಗೆ ನಾಲ್ಕೈದು ರೂಪಾಯಿ ಜಾಸ್ತಿಯೂ ಕೊಡುತ್ತಾನೆ, ಆದರೆ ಕೈಗೆ ನಗದು, ಬಿಲ್ಲು ಇಲ್ಲ. ಈ ಸಲ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿದೆ. ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್, ಮೂರು ಸಲ ಎರಡೆರಡು ಕ್ವಿಂಟಾಲು. ಹಳತಿಗೆ, ಅಂದರೆ ಇಟ್ಟು ಹಳೆಯದಾದ ಅಡಿಕೆಗೆ, ಆಗ ಕಿಲೋಗೆ 430ರ ಆಸುಪಾಸು ಅಂತ ನೆನಪು. ಒಂದೊಂದು ಸಲಕ್ಕೆ 85,000ದ ಹತ್ತಿರ ನೇರ ಖಾತೆಗೆ. ಮೆಣಸು ಒಂದು ಕ್ವಿಂಟಾಲು, ಅದರದ್ದು ಅರವತ್ತು ಸಾವಿರದ ಮೇಲೆ. ಹಾಲಿನ ಸೊಸೈಟಿಯ ಹಣವನ್ನೂ ಅದೇ ಖಾತೆಗೆ ಬರುವ ಹಾಗೆ ಮಾಡಿಸಿದೆ. ಅದು ತಿಂಗಳಿಗೆ ಆರೇಳು ಸಾವಿರ, ಸಣ್ಣ ಮೊತ್ತವೇ, ಆದರೆ ತಪ್ಪದೆ ಬರುತ್ತದೆ. ಸಂಬಳದ ಚೀಟಿ ಇಲ್ಲದವನಿಗೆ ಎರಡು ದನ ಸಂಬಳ ಕೊಟ್ಟ ಹಾಗೆ. ವ್ಯಾಪಾರಿಗೆ ಕೊಟ್ಟಿದ್ದರೆ ಒಟ್ಟು 3,000 ರೂಪಾಯಿ ಹೆಚ್ಚು ಸಿಗುತ್ತಿತ್ತು. ಹೋಗಲಿ.

ಆಮೇಲೆ ಮಾಡಿದ ಕೆಲಸವೇ ನನ್ನ ಹೆಮ್ಮೆ. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಜಮೆಯಾದ ಒಂದೊಂದು ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 1, 2, 3 ಅಂತ ಬರೆದೆ. ಅಡಿಕೆ ಬಿಲ್ಲಿನ ಮೇಲೂ ಅದೇ ನಂಬರು. ಕವರ್ ಲೆಟರಿನಲ್ಲಿಯೂ ಅದೇ ನಂಬರು, ಇದು ಇಂಥ ಮಾಲಿನ ಹಣ ಅಂತ ಒಂದೊಂದು ಸಾಲು. ತಮ್ಮನ ಮಗ ಗೂಗಲ್ ಪೇಯಲ್ಲಿ ಹಾಕಿದ 2,000ಕ್ಕೂ ನಂಬರು ಕೊಟ್ಟಿದ್ದೇನೆ, ತೆಂಗಿನಕಾಯಿ ಕೊಂಡುಹೋದದ್ದು ಅಂತ. ತಿಂಗಳ ಆದಾಯ ಕೇಳುವಲ್ಲಿ ಸರಾಸರಿ ಹಾಕಿ, ಇದು ವರ್ಷಕ್ಕೆ ಮೂರು ನಾಲ್ಕು ಸಲ ಬರುವ ಬೆಳೆಯ ಹಣ ಅಂತ ಲೆಟರಿನಲ್ಲಿ ಬಿಡಿಸಿ ಬರೆದೆ.

ಐಟಿ ರಿಟರ್ನ್ ಕೂಡ ಒಂದು ಪ್ರಯೋಗ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಾವು ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಸುಮ್ನೆ ಒಂದು ಕಾಗದ ಇರಲಿ ಅಂತ 2024ರ ಜುಲೈಯಲ್ಲಿ ಫೈಲ್ ಮಾಡಿಸಿದೆ. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು, ಇದು ಗೊತ್ತಿಲ್ಲದೆ ಹೋಗಿ ಒಂದು ದಿನ ಹಾಳಾಯಿತು. ಖರ್ಚು 1,500. ಉಪಯೋಗ ಆಗಿರಬೇಕು.

ದುಬೈ ಪ್ರಯೋಗ ಮಾತ್ರ ದಂಡ. ಪಾಸ್‌ಪೋರ್ಟ್ ಖಾಲಿ ಇದ್ದರೆ ಕೊಡುವುದಿಲ್ಲ, ಮೊದಲು ಗಲ್ಫ್ ಸೀಲು ಬೀಳಲಿ ಅಂತ ಉಪ್ಪಳದ ಗೆಳೆಯ ಒಬ್ಬ ಹೇಳಿದ. ಕಾಸರಗೋಡಿನವರಿಗೆ ದುಬೈ ಅಂದರೆ ಮಂಗಳೂರಿಗೆ ಹೋಗಿ ಬಂದ ಹಾಗೆ, ಅಲ್ವಾ. ವೀಸಾ ನಾಲ್ಕು ದಿನದಲ್ಲಿ ಬಂತು. ಹೋದದ್ದು ಆಗಸ್ಟ್ ಕೊನೆಗೆ. ಆ ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿಲ್ಲ, ಒಂದು ವಾರ ಮಾಲಿನಿಂದ ಮಾಲಿಗೆ ಹೋಗಿ ಎ.ಸಿ. ಗಾಳಿ ಕುಡಿದು ಬಂದೆವು. ಒಂದು ಲಕ್ಷ ಮೂವತ್ತೋ ನಲವತ್ತೋ ಸಾವಿರ ಖರ್ಚು. ಅದರಿಂದ ವೀಸಾ ಸಿಕ್ಕಿತು ಅಂತ ಗೆಳೆಯ ಈಗಲೂ ಹೇಳಿಕೊಳ್ಳುತ್ತಾನೆ. ನನಗೆ ನಂಬಿಕೆ ಇಲ್ಲ. ನಾನು ಓದಿದ ರಿಜೆಕ್ಷನ್ ಪತ್ರದಲ್ಲಿ ಖಾಲಿ ಪಾಸ್‌ಪೋರ್ಟಿನ ಸುದ್ದಿಯೇ ಇರಲಿಲ್ಲ.

ನಮ್ಮ ಗಡಿಯವರಿಗೆ ಮಾತ್ರ ಇರುವ ತಲೆನೋವು ಒಂದಿದೆ. ಜಾಗದ ಹಳೆಯ ಆಧಾರ ಪತ್ರ ಅಜ್ಜನ ಕಾಲದ್ದು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವುದಕ್ಕಿಂತ ಮೊದಲಿನದ್ದು, ಕನ್ನಡದಲ್ಲಿದೆ. ತೀರ್ವೆ (ಭೂಕಂದಾಯ) ರಶೀದಿ ಮಲಯಾಳದಲ್ಲಿ. ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ. ನನ್ನ ಹೆಸರು ಮೂರರಲ್ಲಿ ಮೂರು ಥರ. ಒಂದರಲ್ಲಿ ಮನೆಹೆಸರು ಮುಂದೆ, ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಅದೂ ಇಲ್ಲ. ಊರಿನ ಹೆಸರಿನದ್ದೂ ಅದೇ ಕಥೆ. ಬ್ರಿಟನ್ನಿನಲ್ಲೋ ಡೆಲ್ಲಿಯಲ್ಲೋ ಕೂತು ಫೈಲು ನೋಡುವವನಿಗೆ ಇವೆಲ್ಲ ಒಂದೇ ಮನುಷ್ಯ ಅಂತ ಹೇಗೆ ಗೊತ್ತಾಗಬೇಕು? ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಟ್ಟು ವಿಲೇಜ್ ಆಫೀಸಿನಿಂದ 'ಒನ್ ಆಂಡ್ ಸೇಮ್' ಸರ್ಟಿಫಿಕೇಟ್ ತೆಗೆದೆ, ಜೊತೆಗೆ ಜಾಗ ನಮ್ಮ ಸ್ವಾಧೀನದಲ್ಲಿದೆ ಅನ್ನುವ ಪೊಸೆಶನ್ ಸರ್ಟಿಫಿಕೇಟೂ. ಇದಕ್ಕೆ ನಾಲ್ಕು ಸಲ ಓಡಾಡಿದ್ದೇನೆ. ಇಂಗ್ಲಿಷಿನಲ್ಲಿ ಇಲ್ಲದ ಎಲ್ಲ ಕಾಗದಕ್ಕೂ ಅನುವಾದ ಬೇಕು, ಅನುವಾದ ಸರಿ ಇದೆ ಅಂತ ಮಾಡಿದವರ ಹೆಸರು, ಸಹಿ, ತಾರೀಕು, ಫೋನ್ ನಂಬರು ಅದರಲ್ಲೇ ಇರಬೇಕು. ಪೇಟೆಯಲ್ಲಿ ಪುಟಕ್ಕೆ 500 ಕೇಳಿದರು. ಮೂರು ಭಾಷೆಯೂ ಬರುವ ನಿವೃತ್ತ ಮಾಸ್ಟ್ರು ಒಬ್ಬರು ನಮ್ಮ ಪಕ್ಕದಲ್ಲೇ ಇದ್ದರು. ಒಟ್ಟು 2,000 ಕೊಟ್ಟೆ, ಒಂದು ಗೊನೆ ಕದಳಿ ಬಾಳೆಹಣ್ಣು ಬೇರೆ. ಅಜ್ಜನ ಆಧಾರ ಪತ್ರ ಹಾಕಲೇ ಇಲ್ಲ ಕೊನೆಗೆ. ಅಷ್ಟು ಹಳತು ಯಾರಿಗೂ ಬೇಡ.

ಬೆರಳಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಲ ಸಲ ಕೊಚ್ಚಿಯಲ್ಲಿ ನನ್ನ ಬೆರಳಚ್ಚು ಮಿಷನ್ ಹಿಡಿಯಲೇ ಇಲ್ಲ. ಅಡಿಕೆ ಸುಲಿದು, ಸುಣ್ಣ ಮೈಲುತುತ್ತು ಕಲಸಿ ಬೆರಳಿನ ಗೆರೆಯೆಲ್ಲ ಸವೆದಿತ್ತು. ಏಳೆಂಟು ಸಲ ಒತ್ತಿಸಿದರು, ಹಿಂದೆ ಕ್ಯೂ, ನನಗೆ ಬೆವರು. ಎರಡನೇ ಸಲ ಹೋಗುವ ಹತ್ತು ದಿನ ಮೊದಲೇ ಸುಲಿಯುವುದು ನಿಲ್ಲಿಸಿದೆ, ರಾತ್ರಿ ಮಲಗುವಾಗ ತೆಂಗಿನೆಣ್ಣೆ. ಎರಡನೇ ಒತ್ತಿಗೆ ಬಂತು. ಬೆಳಿಗ್ಗೆ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಎರ್ನಾಕುಳಂ, ಅಪಾಯಿಂಟ್‌ಮೆಂಟ್ ಮೂರು ಗಂಟೆಯ ಮೇಲೆ ತೆಗೆದರೆ ಲಾಡ್ಜಿನ ದುಡ್ಡು ಉಳಿಯುತ್ತದೆ. ಕಾಗದಗಳನ್ನು ಮನೆಯಿಂದಲೇ ಅಪ್‌ಲೋಡ್ ಮಾಡಿದ್ದೆ. ಅಲ್ಲಿ ಸ್ಕ್ಯಾನಿಗೆ ಕೊಡುವುದು ಸುಮ್ನೆ ದಂಡ.

ಭಾವನ ಜೊತೆ ಒಂದೇ ಜಗಳ ಆಯಿತು. ಫಾರಂನಲ್ಲಿ ಹಿಂದೆ ವೀಸಾ ರಿಜೆಕ್ಟ್ ಆಗಿದೆಯಾ ಅಂತ ಕೇಳುತ್ತದೆ.

"ಇಲ್ಲ ಅಂತ ಹಾಕಿ ಭಾವ, ಹಳೆಯದನ್ನು ಯಾರು ನೋಡ್ತಾರೆ?"

"ಅದೇ ಆಫೀಸಿಗೆ ಅದೇ ಬೆರಳು ಕೊಟ್ಟಿದ್ದೇನೆ ಮಾರಾಯ."

ಸುಳ್ಳು ಸಿಕ್ಕಿಬಿದ್ದರೆ ಹತ್ತು ವರ್ಷ ಆ ಕಡೆ ಹೋಗುವ ಹಾಗಿಲ್ಲ. ಹೌದು ಅಂತಲೇ ಹಾಕಿದೆ. 6 ಲಕ್ಷ ಹೆಂಡತಿಯ ತಮ್ಮನದ್ದು, ಗೊತ್ತಿಲ್ಲದೆ ಮಾಡಿದೆವು, ವಾಪಸ್ ಕೊಟ್ಟ ದಾಖಲೆ ಇಲ್ಲಿದೆ ಅಂತ ಬರೆದು ಅದಕ್ಕೂ ನಂಬರು ಕೊಟ್ಟೆ.

ಈ ಸಲ ಕೇಳಿದ್ದು ಐದು ವಾರ. ಏಪ್ರಿಲಿನ ವಿಷು ಹಬ್ಬ ಕಳೆದು ಹೊರಡುವುದು, ಮೇ 18ಕ್ಕೆ ಮನೆಯಲ್ಲಿ. ಯಾಕೆಂದರೆ ಮಳೆಗೆ ಮೊದಲು ಮದ್ದು ಬಿಡಬೇಕು, ಬಿಡದಿದ್ದರೆ ಕೊಳೆರೋಗಕ್ಕೆ ವರ್ಷದ ಫಸಲು ಹೋಗುತ್ತದೆ. ಇದನ್ನು ಲೆಟರಿನಲ್ಲಿ ನಾಲ್ಕೇ ಸಾಲಿನಲ್ಲಿ ಬರೆದೆ. ಜೊತೆಗೆ ಒಂದು ಕಾಗದ ಲಗತ್ತಿಸಿದೆ, ಅದು ಯಾರದ್ದು, ಏನು ಅಂತ ಇಲ್ಲಿ ಹೇಳುವುದಿಲ್ಲ. ಭಾವನಿಗೂ ಹೇಳಿಲ್ಲ. ತೋಟದ ಫೋಟೋ ಹನ್ನೆರಡು ಹಾಕಿದ್ದು ಮಾತ್ರ ಮಗಳು ಬೇಡ ಅಂತ ತೆಗೆದುಹಾಕಿಸಿದಳು. ಟಿಕೆಟ್ ನಮ್ಮ ಖರ್ಚು, ಊಟ ವಾಸ ಮಗಳದ್ದು, ಇದನ್ನು ಎರಡೂ ಅರ್ಜಿಯಲ್ಲಿ, ಅವಳ ಪತ್ರದಲ್ಲಿ ಒಂದೇ ಥರ ಬರೆದೆವು. ಅವಳ ಸಂಬಳದ ಚೀಟಿ, ಬಾಡಿಗೆ ಕರಾರು, ಇ-ವೀಸಾ ಪುಟದ ಪ್ರಿಂಟು ಅವಳೇ ಕಳಿಸಿದಳು. ಮೊದಲ ಸಲ ಕೊಟ್ಟ ಬಿಆರ್‌ಪಿ (ಬ್ರಿಟನ್ನಿನ ವಾಸದ ಪರವಾನಗಿ) ಕಾರ್ಡು 2024ರ ಕೊನೆಗೇ ಮುಗಿದಿತ್ತು, ಹಳೆ ಫೈಲನ್ನೇ ಕಾಪಿ ಮಾಡುವವರು ಇಲ್ಲಿ ಜಾಗ್ರತೆ. ಟಿಕೆಟ್ ಬುಕ್ ಮಾಡಲಿಲ್ಲ, ಡಮ್ಮಿಯೂ ಇಲ್ಲ.

2025ರ ಫೆಬ್ರವರಿ ಮೊದಲ ವಾರ ಹಾಕಿದ್ದು. ಫೀಸು ಆಗಲೂ 115 ಇತ್ತು, ಏಪ್ರಿಲಿನಲ್ಲಿ 127 ಮಾಡಿದರು, ಅಷ್ಟು ಉಳಿಯಿತು. ಓಡಾಟ, ಅನುವಾದ ಎಲ್ಲ ಸೇರಿ ಈ ಸಲ 33,000 ಆಗಿರಬಹುದು, ದುಬೈ ಬಿಟ್ಟು. ಹನ್ನೆರಡೋ ಹದಿಮೂರೋ ಕೆಲಸದ ದಿನದಲ್ಲಿ ಕೊರಿಯರ್ ಬಂತು. ಭಾವನನ್ನು ಕರೆಸಿ ಅವನ ಎದುರೇ ಕವರು ಒಡೆದೆ. ಮನೆಯವಳ ಪಾಸ್‌ಪೋರ್ಟು ಮೊದಲು ಬಿಡಿಸಿದ್ದು. ಆರು ತಿಂಗಳ ಸ್ಟಿಕರ್. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದ, ನೋಟು ನೋಡಿದ ಹಾಗೆ.

ಐದು ವಾರ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಮಗು ನಡೆಯಲು ಕಲಿತಿತ್ತು. "ಇನ್ನೊಂದು ತಿಂಗಳು ಇರಿ ಅಪ್ಪ, ವೀಸಾ ಇದೆಯಲ್ಲ" ಅಂತ ಮಗಳು ಹೇಳಿದಳು. ಬರೆದ ಮಾತು ಅಂತ ಮೇ 18ಕ್ಕೇ ಬಂದೆವು. ಮದ್ದು ಬಿಡುವವರು 21ಕ್ಕೆ ಬಂದರು. ಆ ವರ್ಷ ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೆ ಕೇರಳಕ್ಕೆ ಇಳಿಯಿತು. ಅರ್ಧ ತೋಟಕ್ಕೆ ಮದ್ದು ಆಗಿತ್ತು, ಉಳಿದ ಅರ್ಧಕ್ಕೆ ಬಿಸಿಲು ಕಾಯುತ್ತಾ ಜಗಲಿಯಲ್ಲಿ ಕೂತೆ.