ಹೋಟೆಲ್ ಕೆಲಸ, ಹನ್ನೆರಡನೇ ಪರೀಕ್ಷೆ: ರಜೆಯ ಲೆಕ್ಕ ಮೊದಲು

ಮುಂಬಯಿಯಲ್ಲಿ ಸಂಜೆ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿಯುತ್ತಾ ಎಚ್‌ಎಸ್‌ಸಿ (ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ) ಬರೆಯುವ ಮಕ್ಕಳು ಹೆಚ್ಚಾಗಿ ಎಡವುವುದು ಕೆಲಸಕ್ಕೆ ರಜೆ ಕೇಳುವುದರಲ್ಲಿ. ಬೋರ್ಡಿನ ಟೈಮ್‌ಟೇಬಲ್ ಬಂದ ದಿನವೇ ಒಂದು ಪ್ರತಿ ಧಣಿಗಳ ಕೈಗೆ ಕೊಡಿ. ಪರೀಕ್ಷೆಯ ದಿನದ ಜೊತೆ ಹಿಂದಿನ ದಿನಕ್ಕೂ ಗುರುತು ಹಾಕಿ. ಓರಲ್, ಪ್ರಾಕ್ಟಿಕಲ್ ಲಿಖಿತಕ್ಕಿಂತ ಮೊದಲೇ ಬರುತ್ತವೆ, ಅವನ್ನು ಮರೆತರೆ ಕೊನೇ ಗಳಿಗೆಯಲ್ಲಿ ಜಗಳ ಖಂಡಿತ. ಬದಲಿ ಹುಡುಗನನ್ನು ನೀವೇ ಗೊತ್ತುಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು.

ರಾತ್ರಿ ಹತ್ತಕ್ಕೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಇಳಿದವರು ಅಕೌಂಟ್ಸ್ ಬಿಡಿಸಲು ಕೂರಬೇಡಿ. ಪ್ರತಿ ಅಡ್ಜಸ್ಟ್‌ಮೆಂಟಿಗೂ (ಲೆಕ್ಕದ ಕೊನೆಗೆ ಕೊಡುವ ಹೊಂದಾಣಿಕೆ) ಎರಡು ಕಡೆ ಪರಿಣಾಮ ಉಂಟು. ನಿದ್ದೆಗಣ್ಣಲ್ಲಿ ಒಂದು ಕಡೆಯದು ಬಿಟ್ಟುಹೋದರೂ ಬ್ಯಾಲೆನ್ಸ್ ಶೀಟ್ (ಆಸ್ತಿ-ಹೊಣೆಗಳ ಪಟ್ಟಿ) ತಾಳೆಯಾಗದು, ತಪ್ಪು ಹುಡುಕುವುದರಲ್ಲೇ ಗಂಟೆ ಹೋಗುತ್ತದೆ. ಅದನ್ನು ಬೆಳಿಗ್ಗೆ ಐದೂವರೆಗೆ ಇಡಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ಲೆಕ್ಕ. ರಾತ್ರಿಗೆ 20 ನಿಮಿಷ ಓಸಿ (ಆರ್ಗನೈಸೇಶನ್ ಆಫ್ ಕಾಮರ್ಸ್, ಲೆಕ್ಕವಿಲ್ಲದ ಓದುವ ವಿಷಯ) ಸಾಕು.

ಲೋಕಲ್‌ನ ನೂಕುನುಗ್ಗಲಲ್ಲಿ ಪುಸ್ತಕ ಬಿಚ್ಚಲು ಜಾಗವೆಲ್ಲಿ? ಅಂಗೈಯಗಲದ ಚೀಟಿ ಮಾಡಿ: ಮುಂದೆ ಪ್ರಶ್ನೆ, ಹಿಂದೆ ಉತ್ತರದ ಐದು ಅಂಶ. ಜೇಬಿಗೆ ಹತ್ತು ಹಾಕಿಕೊಂಡರೆ ಒಂದು ಪ್ರಯಾಣಕ್ಕೆ ಆಯಿತು. ಪರೀಕ್ಷೆಯ ದಿನ ಮಾತ್ರ ಜೇಬು ತಡವಿ ನೋಡಿಯೇ ಮನೆ ಬಿಡಿ, ಹಾಲ್‌ನಲ್ಲಿ ಸಿಕ್ಕರೆ ಅದು ಕಾಪಿ ಚೀಟಿ!