ಗೇಣುದ್ದದ ಮಸಲ್ ಕಾರಿಗೆ ಬಿದರಿ ಬಣ್ಣ

ಕಿಟ್ ಡಬ್ಬಿ ಬಿಚ್ಚಿದ ಕೂಡಲೇ ಅಂಟು ಹುಡುಕಬೇಡಿ. ಸ್ಕೇಲ್ ಮಾಡೆಲ್ ಕಾರಿನಲ್ಲಿ, ಅಂದರೆ ನಿಜವಾದ ಕಾರನ್ನು ಅಳತೆಗೆ ತಕ್ಕಂತೆ ಕುಗ್ಗಿಸಿದ ಪ್ಲಾಸ್ಟಿಕ್ ಪ್ರತಿಯಲ್ಲಿ, ಅಂಟಿಸುವ ಕೆಲಸ ಕಡಿಮೆ, ಬಣ್ಣದ ಕೆಲಸವೇ ಜಾಸ್ತಿ. ಅದರಲ್ಲೂ ಕಲಬುರಗಿಯಲ್ಲಿ ಕೂತು ಬಣ್ಣ ಹೊಡೆಯುತ್ತೀರಿ ಅಂದರೆ ಬಿಸಿಲು, ಧೂಳು, ಮಳೆಗಾಲದ ತೇವ, ಈ ಮೂರರ ಅಪ್ಪಣೆ ಇಲ್ಲದೆ ಏನೂ ನಡೆಯುವುದಿಲ್ಲ. ಕಿಟ್ ಜೊತೆ ಬರುವ ಪುಸ್ತಿಕೆಯಲ್ಲಿ ಯಾವ ಭಾಗ ಎಲ್ಲಿ ಕೂರುತ್ತದೆ ಅಂತ ಚಿತ್ರ ಇರುತ್ತದೆ. ನಮ್ಮೂರ ಮೇ ತಿಂಗಳ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ.

ಮೊದಲು ಕಾರು ಯಾವುದು ಅನ್ನೋದು. ಮಸಲ್ ಕಾರು ಅಂದರೆ 1960ರ ದಶಕದಲ್ಲಿ ಅಮೆರಿಕದ ಕಂಪನಿಗಳು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ತುರುಕಿ ಮಾರಿದ ತಳಿ. 1964ರ ಪಾಂಟಿಯಾಕ್ ಜಿಟಿಒದಿಂದ ಇದು ಶುರು ಅಂತ ಬಹಳ ಜನ ಹೇಳುತ್ತಾರೆ. ಅದರ ಎಂಜಿನ್ 389 ಘನ ಇಂಚು, ಅಂದರೆ ಸುಮಾರು 6.4 ಲೀಟರ್. ಮಾರುತಿ 800ರ ಎಂಟು ಎಂಜಿನ್ ಒಟ್ಟಿಗೆ ಸೇರಿಸಿದರೆ ಅಷ್ಟಾಗುತ್ತದೆ ನೋಡಿ. ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು, ಆ ಕಾಲ ಅಲ್ಲಿಗೆ ಮುಗಿಯಿತು. ಆದರೆ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಇವತ್ತಿಗೂ ಮುಗಿದಿಲ್ಲ.

ಈ ಲೇಖನಕ್ಕೆ 1969ರ ಡಾಡ್ಜ್ ಚಾರ್ಜರ್ ಇಟ್ಟುಕೊಳ್ಳೋಣ. ಉದ್ದ ಮೂತಿ, ಮುಚ್ಚಿಕೊಳ್ಳುವ ಹೆಡ್‌ಲೈಟು, ಹಿಂದಕ್ಕೆ ಜಾರುವ ಛಾವಣಿ. ನಿಜವಾದ ಕಾರು 5.28 ಮೀಟರ್ ಉದ್ದ, 1:25 ಅಳತೆಯಲ್ಲಿ 21 ಸೆಂಟಿಮೀಟರ್. ಒಂದು ಗೇಣು. ಅಮೆರಿಕದಲ್ಲಿ ಹುಟ್ಟಿದ ರೆವೆಲ್, ಎಎಂಟಿ ಕಂಪನಿಗಳ ಕಿಟ್‌ಗಳು ಹೆಚ್ಚಾಗಿ 1:25, ಜಪಾನಿನ ತಮಿಯಾ 1:24. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಷ್ಟೇನೂ ಕಾಣದು, ಆದರೆ ಒಂದರ ಚಕ್ರ ಇನ್ನೊಂದಕ್ಕೆ ಹಾಕಲು ಹೋದಾಗ ತೊಂದರೆ ಕೊಡುತ್ತದೆ. ಮೊದಲ ಸಲ ಮಾಡುವವರು, ಮನೆಯಲ್ಲಿ ಮಕ್ಕಳಿಗೆ ಮಾಡಿಸುವವರು ಅಂಟು ಬೇಡದ, ಒತ್ತಿ ಕೂರಿಸುವ ಕಿಟ್ ತಗೊಳ್ಳಿ. ಮರ್ಯಾದೆ ಏನೂ ಕಡಿಮೆ ಆಗಲ್ಲ. ಬಣ್ಣದ ಕೆಲಸ ಎರಡಕ್ಕೂ ಒಂದೇ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಿಟ್ ಮತ್ತು ಪ್ಲಾಸ್ಟಿಕ್ ಅಂಟು ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಉಳಿದದ್ದು ಊರಲ್ಲೇ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಸಣ್ಣ ಕಟ್ಟರ್, ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ (400, 800, 1500, 2000 ನಂಬರಿನವು), ಬ್ಲೇಡು, ಚಿಮಟ, ಮಾಸ್ಕಿಂಗ್ ಟೇಪು, ಫೆವಿಕಾಲ್. ಸ್ಪ್ರೇ ಕ್ಯಾನ್‌ಗಳು ಗಾಡಿ ಪೇಂಟಿನ ಅಂಗಡಿಯಲ್ಲಿ ಇರುತ್ತವೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಇದ್ದರೆ ಛಲೋ, ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಇನ್ನು ಕೆಲಸ ಮಾಡುವ ಜಾಗ. ಈ ವಿಷಯದಲ್ಲಿ ನಾವು ಪುಣ್ಯವಂತರು. ಪಾಲಿಶ್ ಆದ ಶಹಾಬಾದ್ ಫರ್ಸಿಯ ಒಂದು ತುಂಡು ಮೇಜಿನ ಮೇಲೆ ಹಾಕಿಕೊಳ್ಳಿ. ಅಂಟು ಬಿದ್ದರೆ ಕೆರೆದು ತೆಗೆಯಬಹುದು, ಬ್ಲೇಡಿಗೆ ಹೆದರುವುದಿಲ್ಲ, ಮಟ್ಟವಾಗಿರುತ್ತದೆ. ನಾಲ್ಕೂ ಚಕ್ರ ನೆಲಕ್ಕೆ ಕೂತಿವೆಯೋ, ಒಂದು ಎತ್ತಿಕೊಂಡಿದೆಯೋ ಅಂತ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಈಗ ಕೆಲಸ. ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕೀಳಬೇಡಿ. ಚೌಕಟ್ಟಿನ ಸಮೇತ ಎಲ್ಲವನ್ನೂ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಅಂಶ ಉಳಿದಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲಲ್ಲ. ಆಮೇಲೆ ಒಂದು ಪೆನ್ಸಿಲ್ ಹಿಡಿದು ಪುಸ್ತಿಕೆ ನೋಡುತ್ತಾ ಪ್ರತಿ ಭಾಗಕ್ಕೂ ಯಾವ ಬಣ್ಣ ಅಂತ ಗುರುತು ಮಾಡಿ. ಒಂದೇ ಬಣ್ಣದವನ್ನು ಮೊದಲು ಅಂಟಿಸಿ ಆಮೇಲೆ ಬಣ್ಣ ಹೊಡೆಯಬಹುದು. ಬೇರೆ ಬೇರೆ ಬಣ್ಣದವಕ್ಕೆ ಮೊದಲು ಬಣ್ಣ, ಆಮೇಲೆ ಅಂಟು. ಇಷ್ಟೇ ಲೆಕ್ಕ.

ಬಾಡಿಯಿಂದ ಶುರು ಮಾಡಿ, ಯಾಕಂದರೆ ಅದು ಒಣಗಲು ದಿನಗಟ್ಟಲೆ ಬೇಕು. ಅದು ಒಣಗುತ್ತಾ ಕೂತಾಗ ಎಂಜಿನ್, ಸೀಟು, ಚಾಸಿ ಮಾಡಿಕೊಳ್ಳಬಹುದು. ಬಾಡಿಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಡ್‌ಗಾರ್ಡ್ ಮೇಲೆ, ಛಾವಣಿಯ ಅಂಚಿನಲ್ಲಿ ಕೂದಲಿನಂಥ ಗೆರೆ ಕಾಣುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು. 400ರ ಪೇಪರಿನಿಂದ ಮೆಲ್ಲಗೆ ಉಜ್ಜಿ, 800ರಿಂದ ನಯ ಮಾಡಿ. ಹಾಗೇ ಬಿಟ್ಟರೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಬಾಗಿಲು, ಡಿಕ್ಕಿಯ ಸಂದುಗಳು ತೀರಾ ಮೇಲುಮೇಲೆ ಇದ್ದರೆ ಬ್ಲೇಡಿನ ಬೆನ್ನಿನಿಂದ ಎರಡು ಮೂರು ಸಲ ಎಳೆದು ಆಳ ಮಾಡಿ. ಇಲ್ಲದಿದ್ದರೆ ಪ್ರೈಮರು, ಬಣ್ಣ ಎಲ್ಲ ತುಂಬಿಕೊಂಡು ಬಾಗಿಲೇ ಇಲ್ಲದ ಕಾರಾಗುತ್ತದೆ.

ಪ್ರೈಮರ್ ಬಿಡಬೇಡಿ. ಗಾಡಿಗೆ ಹೊಡೆಯುವ ಸ್ಪ್ರೇಗಳಲ್ಲಿ ಖಾರವಾದ ಥಿನ್ನರ್ ಇರುತ್ತದೆ, ಬರಿ ಪ್ಲಾಸ್ಟಿಕ್ ಮೇಲೆ ಬಿದ್ದರೆ ಅದನ್ನೇ ತಿಂದು ಮೈಯೆಲ್ಲ ಬಿರುಕು ಬಿಡಿಸುತ್ತದೆ. ಪ್ಲಾಸ್ಟಿಕ್‌ಗೆ ಅಂತಲೇ ಬರುವ ಪ್ರೈಮರ್ ತಗೊಂಡು, ಮೊದಲು ಕಿಟ್‌ನಲ್ಲಿ ಉಳಿಯುವ ಚೌಕಟ್ಟಿನ ತುಂಡಿನ ಮೇಲೆ ಹೊಡೆದು ನೋಡಿ, ಅದೇ ಪ್ಲಾಸ್ಟಿಕ್ ಅಲ್ವಾ. ಇನ್ನೊಂದು: ಸ್ಪ್ರೇ ಬಣ್ಣಗಳಲ್ಲಿ ಬೇಗ ಒಣಗುವ ಲ್ಯಾಕರ್, ನಿಧಾನ ಒಣಗುವ ಇನಾಮಲ್ ಅಂತ ಬಗೆಗಳಿವೆ. ಲ್ಯಾಕರ್ ಮೇಲೆ ಇನಾಮಲ್ ಹೊಡೆಯಬಹುದು, ಇನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕಾಗಿ ಏಳುತ್ತದೆ. ಕ್ಯಾನ್ ಮೇಲೆ ಏನಿದೆ ಅಂತ ಓದಿ ಕೊಳ್ಳಿ. ಪ್ರೈಮರ್‌ನಿಂದ ಕೊನೆಯ ಪದರದವರೆಗೆ ಎಲ್ಲ ಲ್ಯಾಕರ್ ಆದರೆ ತಲೆನೋವೇ ಇಲ್ಲ.

ಯಾವಾಗ ಹೊಡೆಯಬೇಕು, ಎಲ್ಲಿ

ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 42-43 ಡಿಗ್ರಿ ಮಾಮೂಲು. ಆ ಶಾಖದಲ್ಲಿ ಬಣ್ಣದ ಹನಿ ಕಾರು ಮುಟ್ಟುವ ಮೊದಲೇ ಗಾಳಿಯಲ್ಲೇ ಅರ್ಧ ಒಣಗಿ, ಮೈಮೇಲೆ ರವೆ ಉದುರಿಸಿದ ಹಾಗೆ ಕೂರುತ್ತದೆ. ಬೇಸಿಗೆಯಲ್ಲಿ ಮಾಡಲೇಬೇಕಿದ್ದರೆ ಬೆಳಗ್ಗೆ ಆರು ಏಳರ ಒಳಗೆ ಮುಗಿಸಿ. ಮಳೆಗಾಲದಲ್ಲಿ ಉಲ್ಟಾ ಕಥೆ. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು, ಹೊಳೆಯಬೇಕಾದ ಬಣ್ಣದ ಮೇಲೆ ಬಿಳಿ ಮಂಜು ಹಿಡಿಯುತ್ತದೆ. ಜಿಟಿಜಿಟಿ ಮಳೆ ದಿನ ಕ್ಯಾನ್ ಮುಟ್ಟಬೇಡಿ. ನವೆಂಬರ್‌ನಿಂದ ಫೆಬ್ರವರಿ ತನಕ ಬಿಸಿಲೇರಿದ ಬೆಳಗ್ಗೆ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಊರ ಹೊರಗಿನ ಮನೆಯಾದರೆ ಮಾತ್ರ, ತೊಗರಿ ರಾಶಿ ನಡೆಯುವ ದಿನಗಳಲ್ಲಿ ಆ ಧೂಳು ಎಲ್ಲಿಂದ ನುಗ್ಗುತ್ತದೋ ದೇವರಿಗೇ ಗೊತ್ತು.

ಧೂಳಿಗೆ ಒಂದು ಉಪಾಯ ಇದೆ. ಹಿತ್ತಿಲಲ್ಲೋ ಬಾಗಿಲು ತೆಗೆದಿಟ್ಟ ವರಾಂಡದಲ್ಲೋ ನೆಲಕ್ಕೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರು ಮಾಡಿ. ಫ್ಯಾನ್ ಬಂದ್. ಅಡುಗೆಮನೆಯ ಹತ್ತಿರ ಬೇಡವೇ ಬೇಡ, ಸ್ಪ್ರೇ ಬೆಂಕಿ ಹಿಡಿಯುವ ವಸ್ತು. ಮುಖಕ್ಕೆ ಥಿನ್ನರ್ ಹೊಗೆ ತಡೆಯುವ ಫಿಲ್ಟರ್ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಮಾಸ್ಕ್ ಉಪಯೋಗ ಇಲ್ಲ. ಬಾಡಿಯನ್ನು ಒಳಗಿನಿಂದ ಒಂದು ನೀರಿನ ಬಾಟಲಿಗೆ ಡಬಲ್ ಟೇಪಿನಿಂದ ಕಚ್ಚಿಸಿ ಕೈಯಲ್ಲಿ ಹಿಡಿದು ತಿರುಗಿಸಿ. ಕ್ಯಾನ್ 20-25 ಸೆಂಟಿಮೀಟರ್ ದೂರ ಇರಲಿ. ಗುಂಡಿ ಒತ್ತುವುದು ಕಾರಿನ ಆಚೆ, ಬಿಡುವುದು ಕಾರು ದಾಟಿದ ಮೇಲೆ. ಒಂದೇ ಸಲ ಮುಚ್ಚಿಬಿಡಬೇಕು ಅಂತ ಆಸೆ ಆಗುತ್ತದೆ, ಆ ಆಸೆಯೇ ಬಣ್ಣವನ್ನು ಬಾಗಿಲ ಕೆಳಗೆ ಹನಿಯಾಗಿ ಇಳಿಸುವುದು. ಮೊದಲ ಪದರ ಕೆಳಗಿನದು ಕಾಣುವಷ್ಟು ತೆಳು. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೊಂದು. ಮುಗಿದ ಕೂಡಲೇ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಒಂದು ಅಂಚಿಗೆ ಕಡ್ಡಿ ಕೊಟ್ಟು ಗಾಳಿ ಆಡಲು ಬಿಡಿ. ಒಣಗಿದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಬೇಡಿ, ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇದ್ದರೆ ಒಣಗಿಲ್ಲ.

ಬಿದರಿ ಮಾದರಿ

ಡಬ್ಬಿಯ ಮೇಲಿನ ಚಿತ್ರದ ಬಣ್ಣವನ್ನೇ ಹೊಡೆದರೆ ಅಡ್ಡಿಯಿಲ್ಲ. ಆ ಕಾಲದ ಕಾರ್ಖಾನೆ ಬಣ್ಣಗಳೂ ಚೆನ್ನಾಗೇ ಇದ್ದವು. 1970ರಲ್ಲಿ ಡಾಡ್ಜ್‌ನವರು ಒಂದು ನೇರಳೆಗೆ ಪ್ಲಮ್ ಕ್ರೇಜಿ ಅಂತ ಹೆಸರಿಟ್ಟರು. ಆದರೆ ಪಕ್ಕದ ಬೀದರಿನಲ್ಲೇ ಇಷ್ಟು ಒಳ್ಳೆ ಕಪ್ಪು-ಬಿಳುಪು ಇರುವಾಗ ನಮ್ಮದೇ ಕಸ್ಟಮ್ ಕಾರು ಯಾಕಾಗಬಾರದು? ಬಿದರಿಯಲ್ಲಿ ಸತು-ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಕುದಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಆ ಕಪ್ಪು ಹೊಳೆಯುವ ಕಪ್ಪಲ್ಲ, ಬೆಳಕು ನುಂಗುವ ಕಪ್ಪು. ಆದ್ದರಿಂದ ಇಲ್ಲಿ ಬೇಕಾದದ್ದು ಮ್ಯಾಟ್ ಬ್ಲ್ಯಾಕ್.

ಕಪ್ಪು ಹೊಡೆದು ಅದರ ಮೇಲೆ ಬೆಳ್ಳಿ ಬಳ್ಳಿ ಬರೆಯಲು ಹೋಗಬೇಡಿ. ಬಣ್ಣ ಉಬ್ಬಿಕೊಂಡು ಕೂರುತ್ತದೆ, ಕೈ ನಡುಕ ಕಾಣುತ್ತದೆ. ಉಲ್ಟಾ ಮಾಡಿ: ಮೊದಲು ಬೆಳ್ಳಿ, ಅದರ ಮೇಲೆ ಬಳ್ಳಿಯ ಆಕಾರದ ಸ್ಟಿಕರ್, ಆಮೇಲೆ ಕಪ್ಪು. ಸ್ಟಿಕರ್ ಕಿತ್ತರೆ ಬಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಪ್ರೈಮರ್ ಮೇಲೆ ಬಾಡಿಗೆಲ್ಲ ಅಲ್ಯೂಮಿನಿಯಂ ಸಿಲ್ವರ್ ಹೊಡೆದು ಎರಡು ದಿನ ಬಿಡಿ. ಕನ್ನಡಿ ಥರ ಹೊಳೆಯುವ ಕ್ರೋಮ್ ಸ್ಪ್ರೇ ಬೇಡ, ಸ್ಟಿಕರ್ ಜೊತೆ ಎದ್ದು ಬರುತ್ತದೆ. ನಂತರ ನಂಬರ್ ಪ್ಲೇಟ್, ಸ್ಟಿಕರ್ ಮಾಡುವ ರೇಡಿಯಂ ಅಂಗಡಿಗೆ ಹೋಗಿ. ಅವರ ಹತ್ತಿರ ಸ್ಟಿಕರ್ ಕತ್ತರಿಸುವ ಮಷೀನು ಇರುತ್ತದೆ. ಹೂಬಳ್ಳಿಯ ಚಿತ್ರ ಕೊಟ್ಟು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕೇಳಿ. ಎಲೆ, ಕಾಂಡ ಯಾವುದೂ ಒಂದು ಮಿಲಿಮೀಟರ್‌ಗಿಂತ ಸಣ್ಣ ಬೇಡ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬ್ಲೇಡು ಎಳೆದಾಗ ಹರಿಯುತ್ತದೆ.

ಎಲ್ಲಿ ಅಂಟಿಸಬೇಕು? ಚಾರ್ಜರ್ ಆರ್‌ಟಿ ಮಾದರಿಗೆ ಹಿಂಭಾಗ ಸುತ್ತುವರಿದು ಬಂಬಲ್‌ಬೀ ಪಟ್ಟಿ ಅಂತ ಇರುತ್ತಿತ್ತು. ಆ ಜಾಗವೇ ನಮ್ಮ ಬಳ್ಳಿಗೆ ಸರಿ. ಬಾನೆಟ್ ಮಧ್ಯೆ ಬೇಕಾದರೆ ಒಂದೇ ಒಂದು ಹೂವು. ಮೈತುಂಬ ಬಳ್ಳಿ ಹಬ್ಬಿಸಿದರೆ ಕಾರು ಹೋಗಿ ಹೂದಾನಿ ಆಗುತ್ತದೆ. ಸ್ಟಿಕರ್ ಅಂಟು ಜೋರು, ಅದಕ್ಕೆ ಮೊದಲು ಬಟ್ಟೆಗೆ ಒಂದೆರಡು ಸಲ ಒತ್ತಿ ತೆಗೆದು ಜಿಗುಟು ತಗ್ಗಿಸಿ. ಡಿಕ್ಕಿಯ ಮೇಲೊಂದು, ಎರಡು ಬದಿಗೆ ಒಂದೊಂದು, ಹೀಗೆ ಮೂರು ತುಂಡು ಮಾಡಿ, ಸಂದು ಬಂದಲ್ಲಿ ಬ್ಲೇಡಿನಿಂದ ಕೊಯ್ದು ಅಂಚನ್ನು ಒಳಕ್ಕೆ ಒತ್ತಿ. ಟೂತ್‌ಪಿಕ್‌ನ ಹಿಂಬದಿಯಿಂದ ಪ್ರತಿ ಎಲೆಯನ್ನೂ ಒತ್ತುತ್ತಾ ಹೋಗಿ. ಬೇಜಾರಿನ ಕೆಲಸ, ಆದರೆ ಇಲ್ಲೇ ಕಾರು ಗೆಲ್ಲುವುದು.

ಈಗ ನೇರ ಕಪ್ಪು ಹೊಡೆಯಬೇಡಿ. ಸ್ಟಿಕರ್ ಅಂಚುಗಳ ಮೇಲೆ ಇನ್ನೊಮ್ಮೆ ಅದೇ ಸಿಲ್ವರ್ ತೆಳ್ಳಗೆ ಹೊಡೆಯಿರಿ. ಅಂಚಿನ ಕೆಳಗೆ ಬಣ್ಣ ಸೋರುವುದಿದ್ದರೆ ಸಿಲ್ವರೇ ಸೋರಿ ಸಂದು ಮುಚ್ಚಲಿ, ಬೆಳ್ಳಿ ಮೇಲೆ ಬೆಳ್ಳಿ, ಯಾರಿಗೂ ಗೊತ್ತಾಗಲ್ಲ. ಆಮೇಲೆ ಮ್ಯಾಟ್ ಬ್ಲ್ಯಾಕ್, ತೆಳ್ಳಗೆ ಮೂರು ಪದರ. ಕೊನೆಯ ಪದರ ಹೊಡೆದು ಅರ್ಧ ಮುಕ್ಕಾಲು ಗಂಟೆಗೆ, ಪೂರ್ತಿ ಗಟ್ಟಿಯಾಗುವ ಮೊದಲು ಸ್ಟಿಕರ್ ಬಿಡಿಸಿ. ಚಿಮಟದಲ್ಲಿ ತುದಿ ಹಿಡಿದು ಮೇಲಕ್ಕೆ ಕೀಳದೆ, ಅದರ ಮೇಲೇ ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೆಯಿರಿ. ಕಪ್ಪಿನೊಳಗಿಂದ ಬಳ್ಳಿ ಎಲೆ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಲ್ಲಿ ಕಪ್ಪು ಒಳಗೆ ನುಗ್ಗಿದ್ದರೆ ಚೂಪಾದ ಟೂತ್‌ಪಿಕ್‌ನಿಂದ ಕೆರೆದರೆ ಸಾಕು. ಇದರ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಬೇಡ. ಹೊಳಪಿನ ಕ್ಲಿಯರ್ ಹೊಡೆದರೆ ಕಪ್ಪು ಹೊಳೆಯುತ್ತದೆ, ಮ್ಯಾಟ್ ಹೊಡೆದರೆ ಬೆಳ್ಳಿ ಮಂಕಾಗುತ್ತದೆ, ಎರಡೂ ನಷ್ಟ. ಬದಲಿಗೆ ಇನ್ನು ಮುಂದೆ ಕೈಗವಸು ಹಾಕಿ ಹಿಡಿಯಿರಿ, ಮ್ಯಾಟ್ ಕಪ್ಪಿನ ಮೇಲೆ ಬೆರಳಚ್ಚು ಹೋಗುವುದೇ ಇಲ್ಲ. ನಿಜವಾದ ಬಿದರಿಗೆ ಕೊನೆಯಲ್ಲಿ ಎಣ್ಣೆ ಉಜ್ಜುತ್ತಾರೆ ಅಂತ ಇದಕ್ಕೂ ಉಜ್ಜಿಬಿಟ್ಟೀರಿ ಮತ್ತೆ.

ಒಳಗಿನ ಕೆಲಸ

ಎಂಜಿನ್ ಬೇಗ ಮುಗಿಯುತ್ತದೆ. ಚಾರ್ಜರ್‌ಗೆ ಬರುತ್ತಿದ್ದ 426 ಘನ ಇಂಚಿನ ಹೆಮಿ ಎಂಜಿನ್ ಆದರೆ ಬ್ಲಾಕ್‌ಗೆ ಕಿತ್ತಳೆ, ಮೇಲಿನ ವಾಲ್ವ್ ಕವರ್‌ಗಳಿಗೆ ಕಪ್ಪು. ಕಿಟ್‌ನಲ್ಲಿ ಸ್ಪಾರ್ಕ್ ಪ್ಲಗ್ ವೈರು ಇರುವುದಿಲ್ಲ, ಹಾಕಿದರೆ ಎಂಜಿನ್‌ಗೆ ಜೀವ ಬರುತ್ತದೆ. ಕೆಟ್ಟ ಇಯರ್‌ಫೋನ್ ವೈರಿನ ಒಳಗಿನ ಎಳೆ ತೆಗೆದು, ಸುಮಾರು 0.3 ಮಿಲಿಮೀಟರ್ ದಪ್ಪದ್ದು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ಎಂಟು ಕಡೆಗೆ ಎಳೆಯಿರಿ. ಹೆಮಿಯಲ್ಲಿ ಪ್ಲಗ್‌ಗಳು ವಾಲ್ವ್ ಕವರಿನ ನಡುವೆಯೇ ಇಳಿಯುತ್ತವೆ, ಬದಿಗಲ್ಲ. ಹಠಮಾರಿಗಳಿಗೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ) ಕೂಡ ಹೇಳಿಬಿಡುತ್ತೇನೆ: 1-8-4-3-6-5-7-2.

ಕ್ರೋಮ್ ಲೇಪ ಬಂದ ಬಂಪರ್, ಗ್ರಿಲ್‌ಗಳಿಗೆ ಅಂಟು ಹತ್ತುವುದಿಲ್ಲ. ಅಂಟುವ ಜಾಗದಲ್ಲಿ ಮಾತ್ರ ಬ್ಲೇಡಿನಿಂದ ಲೇಪ ಕೆರೆದು ಪ್ಲಾಸ್ಟಿಕ್ ಕಾಣಿಸಬೇಕು. ಟೈರುಗಳ ಮಧ್ಯದ ಗೆರೆಯನ್ನು 400ರ ಪೇಪರ್ ಮೇಲೆ ಉರುಳಿಸಿ ಉಜ್ಜಿದರೆ ಆಟಿಕೆಯ ಹೊಳಪು ಹೋಗಿ ರಸ್ತೆಗಿಳಿದ ಟೈರಿನಂತೆ ಕಾಣುತ್ತದೆ. ಗಾಜುಗಳಿಗೆ ಫೆವಿಕಾಲ್ ಬಿಟ್ಟು ಬೇರೇನೂ ಬೇಡ. ಬಿಳಿಯಾಗಿ ಕಂಡರೂ ಒಣಗಿದ ಮೇಲೆ ಪಾರದರ್ಶಕ. ಫೆವಿಕ್ವಿಕ್ ಥರದ ಅಂಟಿನ ಹೊಗೆಗೆ ಗಾಜು ಬೆಳ್ಳಗೆ ಮಸುಕಾಗುತ್ತದೆ, ಪ್ಲಾಸ್ಟಿಕ್ ಅಂಟು ಗಾಜನ್ನೇ ಕರಗಿಸುತ್ತದೆ.

ಕೊನೆಗೆ ಚಾಸಿಯನ್ನು ಬಾಡಿಗೆ ಕೂರಿಸುವ ಮೊದಲು ಒಮ್ಮೆ ಅಂಟಿಲ್ಲದೆ ಕೂರಿಸಿ ಫರ್ಸಿ ಮೇಲೆ ಇಡಿ. ನಾಲ್ಕು ಚಕ್ರದ ಕೆಳಗೂ ಒಂದು ತೆಳು ಕಾಗದ ತೂರಿಸಿ ನೋಡಿ. ಯಾವುದರ ಕೆಳಗೆ ಕಾಗದ ಸಲೀಸಾಗಿ ಓಡಾಡುತ್ತದೋ ಆ ಚಕ್ರ ಎತ್ತಿಕೊಂಡಿದೆ ಅಂತ ಅರ್ಥ, ಆಕ್ಸಲ್ ತೂತು ಸ್ವಲ್ಪ ಸಡಿಲ ಮಾಡಿ ಸರಿಪಡಿಸಿ. ನಂತರ ಅಂಟು. ಮುಗಿದ ಕಾರನ್ನು ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಕಪ್ಪು ಬಣ್ಣ ಶಾಖ ಹೀರಿ ತೆಳು ಭಾಗಗಳು ಬಾಗುತ್ತವೆ. ಅರ್ಧ ಉಳಿದ ಸ್ಪ್ರೇ ಕ್ಯಾನ್‌ಗಳನ್ನು ಮಾಳಿಗೆ ಮೇಲೆ ಬಿಡುವುದಂತೂ ಬೇಡವೇ ಬೇಡ. 50 ಡಿಗ್ರಿ ದಾಟಬಾರದು ಅಂತ ಕ್ಯಾನ್ ಮೇಲೆ ಬರೆದಿರುತ್ತದೆ, ನಮ್ಮ ಮಾಳಿಗೆಗಳು ಮೇನಲ್ಲಿ ಅದನ್ನು ಮಧ್ಯಾಹ್ನದೊಳಗೇ ದಾಟುತ್ತವೆ. ಬಾಯಿ ತಲೆಕೆಳಗು ಮಾಡಿ ಬರಿ ಗಾಳಿ ಬರುವವರೆಗೆ ಎರಡು ಸಲ ಒತ್ತಿ ನಳಿಗೆ ಸ್ವಚ್ಛ ಮಾಡಿ, ಮನೆಯೊಳಗೆ ತಂಪು ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಂದಿನ ಕಿಟ್‌ಗೆ ಬೇಕಾಗುತ್ತದೆ.