ಖರ್ಜೂರದ ಸಸಿ ಗಂಡೋ ಹೆಣ್ಣೋ: ಡಿಎನ್‌ಎ ಗುರುತಿನಿಂದ ಪತ್ತೆ ಮಾಡುವ ಬಗೆ

ಬೀಜದಿಂದ ಎದ್ದ ಖರ್ಜೂರದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು. ಹೂಗೊನೆ ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಗರಿ ನೋಡಿ ಲಿಂಗ ಹೇಳಲಾಗದು. ಗಂಡಿನಲ್ಲಿ ಎಕ್ಸ್‌ವೈ, ಹೆಣ್ಣಿನಲ್ಲಿ ಎಕ್ಸ್‌ಎಕ್ಸ್ ಕ್ರೋಮೋಸೋಮುಗಳಿವೆ. ಹಾಗಾಗಿ ವೈ ಭಾಗದಲ್ಲಿ ಮಾತ್ರ ಇರುವ ತುಣುಕು ಸಿಕ್ಕಿದರೆ ಸಸಿ ಗಂಡು. ಪರಾಗ ಬೆಳೆಯಲು ಬೇಕಾದ ಸಿವೈಪಿ703, ಜಿಪಿಎಟಿ3 ಜೀನುಗಳು ಇಂಥ ಗುರುತುಗಳು. ಡಿಎನ್‌ಎಯ ಯಾದೃಚ್ಛಿಕ ತುಣುಕುಗಳನ್ನು ನಕಲು ಮಾಡಿ ನೋಡುವ ಹಳೆಯ ಆರ್‌ಎಪಿಡಿ ಗುರುತುಗಳನ್ನು ನೆಚ್ಚಬೇಡಿ. ಪ್ರಯೋಗಾಲಯ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ಎರಡು ಮೂರು ಎಲೆ ಬಂದ ಸಸಿಯಿಂದ ಎಳೆಯ ಎಲೆಯನ್ನು 100 ಮಿಲಿಗ್ರಾಂ ಕತ್ತರಿಸಿ. ಬೀಜದ ಸಿಪ್ಪೆ ಸೇರಕೂಡದು, ಅದು ತಾಯಿಮರದ ಅಂಗಾಂಶ. ಪ್ರತಿ ಸಸಿಗೂ ಕತ್ತರಿಯನ್ನು ಬ್ಲೀಚಿನಲ್ಲಿ ಒರೆಸಿ ತೊಳೆಯಿರಿ, ಕುಂಡಕ್ಕೂ ಕೊಳವೆಗೂ ಒಂದೇ ಸಂಖ್ಯೆ ಬರೆಯಿರಿ. ಅದೇ ದಿನ ಅರೆಯಲಾಗದಿದ್ದರೆ ಎಲೆಯನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿಡಿ.

ಖರ್ಜೂರದ ಎಲೆಯಲ್ಲಿ ನಾರು, ಪಾಲಿಫಿನಾಲ್ (ಕಂದುಬಣ್ಣ ತರುವ ಸಸ್ಯರಾಸಾಯನಿಕ), ಸಕ್ಕರೆ ಮೂರೂ ಹೆಚ್ಚು. ಕೆಲಸ ಕೆಡುವುದು ಬಹುಪಾಲು ಇಲ್ಲೇ. ದ್ರವ ಸಾರಜನಕದಲ್ಲಿ ಹಿಟ್ಟಿನಂತೆ ನುಣ್ಣಗೆ ಅರೆದು, ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ 2% ಸಿಟಿಎಬಿ ದ್ರಾವಣದಲ್ಲಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 45 ನಿಮಿಷ ಇಡಿ. ದ್ರಾವಣಕ್ಕೆ ಪಾಲಿಫಿನಾಲನ್ನು ಹಿಡಿದಿಡುವ ಪಿವಿಪಿ 2% ಸೇರಿಸಿ, ಬೀಟಾ-ಮರ್ಕ್ಯಾಪ್ಟೋಎಥನಾಲ್ 0.2% ಬಳಸುವ ಹೊತ್ತಿಗೇ ಬೆರೆಸಿ. ಇವೆರಡು ಇಲ್ಲದಿದ್ದರೆ ಡಿಎನ್‌ಎ ಕಂದುಬಣ್ಣಕ್ಕೆ ತಿರುಗಿ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆ) ನಿಂತುಹೋಗುತ್ತದೆ. 24:1 ಕ್ಲೋರೋಫಾರ್ಮ್–ಐಸೊಅಮೈಲ್ ಆಲ್ಕೋಹಾಲ್‌ನಿಂದ ಎರಡು ಸಲ ಶುದ್ಧಿ ಮಾಡಿ, ಐಸೊಪ್ರೊಪನಾಲ್‌ನಲ್ಲಿ ಡಿಎನ್‌ಎಯನ್ನು ತಳಕ್ಕೆ ಇಳಿಸಿ, 70% ಎಥನಾಲ್‌ನಲ್ಲಿ ತೊಳೆದು ಒಣಗಿಸಿ, 50 ಮೈಕ್ರೋಲೀಟರ್ ಟಿಇಯಲ್ಲಿ (ಡಿಎನ್‌ಎ ಕೆಡದಂತೆ ಕಾಯುವ ದ್ರಾವಣ) ಕರಗಿಸಿ. ಕ್ಲೋರೋಫಾರ್ಮ್, ಮರ್ಕ್ಯಾಪ್ಟೋಎಥನಾಲ್ ಎರಡನ್ನೂ ಫ್ಯೂಮ್ ಹುಡ್‌ನಲ್ಲೇ (ಆವಿ ಹೊರಗೆಳೆಯುವ ಕಪಾಟು) ತೆರೆಯಿರಿ. ಡಿಎನ್‌ಎಯ ಶುದ್ಧತೆ ತೋರುವ 260/280 ಅನುಪಾತ (260, 280 ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣಗಳದ್ದು) 1.8ರ ಸುತ್ತ ಇರಬೇಕು.

25 ಮೈಕ್ರೋಲೀಟರ್ ಪಿಸಿಆರ್‌ಗೆ 20ರಿಂದ 50 ನ್ಯಾನೋಗ್ರಾಂ ಡಿಎನ್‌ಎ ಸಾಕು. ಹೆಚ್ಚು ಹಾಕಿದರೆ ಜೊತೆಗೆ ಬರುವ ಕಲ್ಮಶವೂ ಹೆಚ್ಚುತ್ತದೆ. 94 ಡಿಗ್ರಿಯಲ್ಲಿ 4 ನಿಮಿಷ. ಬಳಿಕ 94, ಪ್ರೈಮರಿಗೆ (ಬೇಕಾದ ತುಣುಕಿಗೆ ಅಂಟಿ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ) ತಕ್ಕ ತಾಪ (ಸಾಮಾನ್ಯವಾಗಿ 55–60), 72 ಡಿಗ್ರಿಗಳಲ್ಲಿ ತಲಾ 30 ಸೆಕೆಂಡಿನಂತೆ 35 ಸುತ್ತು. 2% ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹರಿಸಿ ಓಡಿಸಿ ನೋಡಿ. ತುಣುಕುಗಳು ಉದ್ದಕ್ಕೆ ತಕ್ಕಂತೆ ಬೇರೆಯಾಗಿ ಗೆರೆಗಳಾಗಿ (ಬ್ಯಾಂಡ್) ಕಾಣುತ್ತವೆ.

ಈಗ ಮುಖ್ಯ ಮಾತು: ಗಂಡು ಬ್ಯಾಂಡ್ ಕಾಣಲಿಲ್ಲವೆಂದ ಮಾತ್ರಕ್ಕೆ ಸಸಿ ಹೆಣ್ಣಲ್ಲ. ಡಿಎನ್‌ಎ ಹಾಳಾಗಿದ್ದರೂ ಬ್ಯಾಂಡ್ ಬರುವುದಿಲ್ಲ. ಆದ್ದರಿಂದ ಗಂಡು ಹೆಣ್ಣು ಎರಡರಲ್ಲೂ ಇರುವ ಇನ್ನೊಂದು ಜೀನಿನ ಪ್ರೈಮರನ್ನು ಅದೇ ಕೊಳವೆಗೆ ಹಾಕಿ. ಎರಡು ಬ್ಯಾಂಡುಗಳ ಉದ್ದದಲ್ಲಿ ಕನಿಷ್ಠ 100 ಬೇಸ್ ಜೋಡಿ ಅಂತರವಿರಲಿ. ಎರಡೂ ಬಂದರೆ ಗಂಡು, ಸಾಮಾನ್ಯ ಬ್ಯಾಂಡ್ ಒಂದೇ ಬಂದರೆ ಹೆಣ್ಣು, ಯಾವುದೂ ಬಾರದಿದ್ದರೆ ಉತ್ತರವಿಲ್ಲ: ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ನಡೆಸಿ. ಪ್ರತಿ ಜೆಲ್‌ನಲ್ಲೂ ಹೂಬಿಟ್ಟು ಖಚಿತವಾದ ಗಂಡುಮರ, ಹೆಣ್ಣುಮರಗಳ ಡಿಎನ್‌ಎ ಒಂದೊಂದು, ಜೊತೆಗೆ ಬರೀ ನೀರಿನ ಕೊಳವೆ ಇರಲೇಬೇಕು. ನೀರಿನಲ್ಲಿ ಬ್ಯಾಂಡ್ ಬಂದರೆ ಆ ಸಲದ ಫಲಿತಾಂಶವನ್ನೆಲ್ಲ ಬಿಟ್ಟುಬಿಡಿ. ಮಸುಕಾದ ಗಂಡು ಬ್ಯಾಂಡ್ ಪಕ್ಕದ ಮಾದರಿಯ ಸೋಂಕಿರಬಹುದು. ಹೊಸ ಎಲೆಯಿಂದಲೇ ಮರುಪರೀಕ್ಷೆ ಮಾಡಿ.

ಹೊಸ ತಳಿಗೆ ಕೈಹಾಕುವ ಮುನ್ನ ಆ ತಳಿಯಲ್ಲೇ ಲಿಂಗ ಗೊತ್ತಿರುವ ಹತ್ತಿಪ್ಪತ್ತು ಮರಗಳ ಮೇಲೆ ಗುರುತನ್ನು ಪರೀಕ್ಷಿಸಿ. ಪರೀಕ್ಷೆ ಹೇಳುವುದು ಲಿಂಗವನ್ನಷ್ಟೇ: ಬೀಜದ ಹೆಣ್ಣುಸಸಿಯ ಹಣ್ಣು ತಾಯಿಮರದಂತಿರುವುದಿಲ್ಲ. ಗಂಡೆಂದು ತಿಳಿದ ಸಸಿಗಳನ್ನೆಲ್ಲ ಕಿತ್ತುಹಾಕಲೂ ಬೇಡಿ. ಕೈಯಿಂದ ಪರಾಗಸ್ಪರ್ಶ ಮಾಡುವ ತೋಟದಲ್ಲಿ ಸುಮಾರು 50 ಹೆಣ್ಣಿಗೆ ಒಂದಾದರೂ ಗಂಡುಮರ ಬೇಕು.